ಸೈದಾಲಿಯ ಮೂರು ಕ್ಯಾಸೆಟ್ಟುಗಳು

ಬಿಯ್ಯಾತುಮ್ಮ ತೀರಿಕೊಂಡು ನಲವತ್ತು ದಿನ ಕಳೆದ ಮೇಲೆ ಅವರ ಕೋಣೆಯ ಅಲಮಾರಿಯ ಬೀಗ ಒಡೆಸಿದರು. ಬೀಗದಕೈ ಎಲ್ಲಿಟ್ಟಿದ್ದರೆಂದು ಯಾರಿಗೂ ಗೊತ್ತಿರಲಿಲ್ಲ. ಒಳಗೆ ಮಡಿಸಿಟ್ಟ ಗಂಡಸಿನ ಎರಡು ಅಂಗಿ, ಒಂದು ಕೈಗಡಿಯಾರ, ಅರ್ಧ ಉಳಿದ ಅತ್ತರಿನ ಶೀಷೆ, ಅರಬಿ ಪೇಪರಿನಲ್ಲಿ ಸುತ್ತಿದ ಮೂರು ವೀಡಿಯೊ ಕ್ಯಾಸೆಟ್ಟು ಇದ್ದವು. ಇಪ್ಪತ್ತಮೂರು ವರ್ಷದ ಹಿಂದೆ ಶಾರ್ಜಾದಲ್ಲಿ ತೀರಿಹೋದ ಅವರ ಮಗ ಸೈದಾಲಿಯ ಸಾಮಾನು ಅವು. ಸೈದಾಲಿಯ ಹೆಂಡತಿ ಮೈಮೂನ ಮತ್ತು ಮಗಳು ರೈಹಾನತ್ ಕ್ಯಾಸೆಟ್ಟುಗಳನ್ನು ದಿಂಬಿನ ಚೀಲದಲ್ಲಿ ಹಾಕಿಕೊಂಡು ತಾನೂರು ರೈಲ್ವೆ ಗೇಟಿನ ಪಕ್ಕದ ನನ್ನ ಅಂಗಡಿಗೆ ಬಂದರು.

ನನ್ನನ್ನು ಇಲ್ಲಿ ಎಲ್ಲರೂ ವೀಡಿಯೊ ಭರತನ್ ಎಂದೇ ಕರೆಯುವುದು. ಮದುವೆ ಕೆಲಸವೆಲ್ಲ ಆಕಾಶದಲ್ಲಿ ಕ್ಯಾಮೆರಾ ಹಾರಿಸುವ ಹೊಸಬರ ಪಾಲಾದ ಮೇಲೆ ನಾನು ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತ ಕೂತಿದ್ದೇನೆ. ಒಂದು ವೀಸಿಆರ್ ಓಡುತ್ತದೆ, ಇನ್ನೆರಡನ್ನು ಬಿಡಿಭಾಗಕ್ಕೆಂದು ಇಟ್ಟುಕೊಂಡಿದ್ದೇನೆ. ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಮೂರು ಗಂಟೆಯ ಟೇಪು ಇಳಿಯಲು ಮೂರು ಗಂಟೆಯೇ ಬೇಕು. ನಮ್ಮ ಕಡಲತೀರದ ತೇವಕ್ಕೆ ಟೇಪಿನ ಅಂಚಿಗೆಲ್ಲ ಬೂಷ್ಟು ಹಿಡಿದಿರುತ್ತದೆ. ಮೊದಲು ಡಬ್ಬಿ ಬಿಚ್ಚಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಅದನ್ನು ಒರೆಸಿ ತೆಗೆಯಬೇಕು.

"ಭರತೇಟ್ಟಾ, ಮೂರನ್ನೂ ಸೇರಿಸಿ ಅರ್ಧ ಗಂಟೆದು ಒಂದು ಮಾಡಿಕೊಡಿ," ಎಂದಳು ರೈಹಾನತ್. ಅವಳು ಪ್ರಾಥಮಿಕ ಶಾಲೆಯಲ್ಲಿ ಟೀಚರು. "ನನ್ನ ಮಕ್ಕಳಿಗೆ ಅಜ್ಜನ ಮುಖ ಗೊತ್ತಿಲ್ಲ. ನನಗೇ ಸರಿಯಾಗಿ ನೆನಪಿಲ್ಲ ಅನ್ನಿ. ಉಪ್ಪ ಸತ್ತಾಗ ನನಗೆ ಆರು ವರ್ಷ."

ಮೈಮೂನ ಸ್ಟೂಲಿನ ಮೇಲೆ ಕೂತು ಗೋಡೆಯ ಮೇಲಿದ್ದ ಮದುವೆ ಜೋಡಿಗಳ ಹಳೇ ಫೋಟೊಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ಮೂರರಲ್ಲಿ ಎರಡನ್ನು ತೆಗೆದವನು ನಾನೇ. ಆಗ ತಾನೂರಿನ ಅರ್ಧ ಗಂಡಸರು ಗಲ್ಫಿನಲ್ಲಿದ್ದರು. ಊರು ನೋಡದೆ ಎರಡು ವರ್ಷ, ಮೂರು ವರ್ಷ ಇರುತ್ತಿದ್ದ ಅವರಿಗಾಗಿ ನಾನು ಕ್ಯಾಮೆರಾ ಹೆಗಲಿಗೇರಿಸಿ ಮನೆಮನೆಗೆ ಹೋಗುತ್ತಿದ್ದೆ. ಹೊಸದಾಗಿ ಎದ್ದ ಗೋಡೆ, ಬಾವಿ, ಕಾಯಿ ಬಿಟ್ಟ ತೆಂಗು, ಕೆಮ್ಮುವ ಅಜ್ಜ, ಬೋಳು ತಲೆಯ ಹಸುಗೂಸು, ಎಲ್ಲ ತೆಗೆದು ಮರುದಿನ ವಿಮಾನ ಹತ್ತುವವರ ಕೈಗೆ ಕ್ಯಾಸೆಟ್ಟು ಕೊಡುತ್ತಿದ್ದೆವು. ಒಂದು ಕಟ್ಟುಪಾಡು ಎಲ್ಲ ಮನೆಯಲ್ಲೂ ಇತ್ತು: ಪ್ರಾಯದ ಹೆಂಗಸರನ್ನು ತೆಗೆಯಕೂಡದು. ಅಲ್ಲಿ ಒಂದು ಕೋಣೆಯಲ್ಲಿ ಎಂಟು ಹತ್ತು ಗಂಡಸರು ಕೂತು ನೋಡುತ್ತಾರಲ್ಲ. ಬಿಯ್ಯಾತುಮ್ಮ ಅಂತೂ ನನ್ನ ಬೆನ್ನ ಹಿಂದೆಯೇ ನಡೆಯುತ್ತಿದ್ದರು. "ಅಡುಗೆಮನೆ ಕಡೆ ತಿರುಗಿಸ್ಬೇಡ ಭರತಾ. ಈ ಕಡೆ ಬಾ, ಆಡು ನೋಡು, ಎಷ್ಟು ಚೆನ್ನಾಗಿ ನಿಂತಿದೆ!" ಎನ್ನುತ್ತಿದ್ದರು. ಕೆಟ್ಟ ಹೆಂಗಸಲ್ಲ. ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡು, ಒಣಮೀನು ಹೊತ್ತು ಮಾರಿ ಇಬ್ಬರು ಗಂಡುಮಕ್ಕಳನ್ನು ಸಾಕಿದವರು. ಹಿರಿಯ ಮಗನೆಂದರೆ ಅವರ ಜೀವ. ಅವನ ವಸ್ತುವೆಲ್ಲ ತನ್ನದೇ ಎಂದು ತಿಳಿದಿದ್ದರು.

ಮೊದಲು ಹಾಕಿದ್ದು ಮೂರನೆಯ ಕ್ಯಾಸೆಟ್ಟು, ಸೈದಾಲಿ ಅಲ್ಲಿಂದ ತೆಗೆಸಿದ್ದು. ಪರದೆಯ ಮೇಲೆ ಕಡಲಿನ ಮುಂದೆ ಒಬ್ಬ ತೆಳ್ಳಗಿನ ಮನುಷ್ಯ ಬಂದು ನಿಂತ. ಇಸ್ತ್ರಿ ಮಾಡಿದ ಬಿಗಿ ಪ್ಯಾಂಟು, ಯಾರಿಂದಲೋ ಇಸಕೊಂಡಿದ್ದ ಕಪ್ಪು ಕನ್ನಡಕ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ಉಮ್ಮಾ, ನಾನು ಚೆನ್ನಾಗಿದೀನಿ. ಹೊಟ್ಟೆತುಂಬ ಊಟ ಮಾಡ್ತೀನಿ. ಎಣ್ಣೆ ಹಚ್ಕೊಂಡೇ ಸ್ನಾನ ಮಾಡ್ತೀನಿ. ತಮ್ಮ ಸರಿಯಾಗಿ ಕೆಲಸಕ್ಕೆ ಹೋಗ್ತಿದಾನಾ? ರೈಹಾಗೆ ಹಲ್ಲು ಬಂತಾ? ಆಡು ಮರಿ ಹಾಕಿದ್ರೆ ಮಾರ್ಬೇಡಿ, ಇರ್ಲಿ, ಅದಕ್ಕೂ ನನ್ನ ಸಲಾಂ ಹೇಳಿ. ಎಲ್ಲರಿಗೂ ಸಲಾಂ."

ರೈಹಾನತ್ ಶಾಲಿನಿಂದ ಬಾಯಿ ಮುಚ್ಚಿಕೊಂಡಳು. "ಉಪ್ಪನ ದನಿ ಇಷ್ಟು ಸಣ್ಣದಾ?" ಎಂದಳು. "ನಾನು ದೊಡ್ಡ ದನಿ ಅಂದ್ಕೊಂಡಿದ್ದೆ."

ಮೈಮೂನ ಪರದೆಯಿಂದ ಕಣ್ಣು ತೆಗೆಯದೆ ಮಗಳಿಗೆ ಹೇಳಿದಳು: "ಕೇಳಿದ್ಯಾ ಮೋಳೆ, ಆಡಿಗೂ ಸಲಾಂ ಬಂತು."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಸೈದಾಲಿ ಮದುವೆಯಾದ ಮೇಲೆ ಎಂಟು ವರ್ಷ ಬದುಕಿದ್ದ. ಅದರಲ್ಲಿ ಊರಿಗೆ ಬಂದದ್ದು ಮೂರು ರಜೆ ಮಾತ್ರ. ಕಾಗದ ಬಂದರೆ ಹಜಾರದಲ್ಲಿ ಅವನ ತಮ್ಮ ಜೋರಾಗಿ ಓದುತ್ತಿದ್ದ, ಮನೆಯವರೆಲ್ಲ ಸುತ್ತ ಕೂತು ಕೇಳುತ್ತಿದ್ದರು. ಬಾಗಿಲ ಹಿಂದೆ ನಿಂತ ಮೈಮೂನಳ ಹೆಸರು ಯಾವ ಕಾಗದದಲ್ಲೂ ಬಂದದ್ದಿಲ್ಲವಂತೆ. ಅದನ್ನು ಅವಳು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದಳು, ತುಂಬಾ ಹಿಂದೆ.

ಅವರು ಹೋದ ಮೇಲೆ ಉಳಿದೆರಡನ್ನು ಇಳಿಸಲು ಕೂತೆ. ಒಂದು ಸರಾಗವಾಗಿ ಇಳಿಯಿತು. ಇನ್ನೊಂದು, ತೊಂಬತ್ನಾಲ್ಕರಲ್ಲಿ ತೆಗೆದದ್ದು, ನಲವತ್ತು ನಿಮಿಷದವರೆಗೆ ಚೆನ್ನಾಗಿಯೇ ಓಡಿ ಆಮೇಲೆ ಕೆಟ್ಟಿತು. ಬಾವಿಕಟ್ಟೆ ಕಾಣುತ್ತಿತ್ತು, ಕ್ಯಾಮೆರಾ ಎಡಕ್ಕೆ ತಿರುಗಿತು, ಅಷ್ಟೆ. ಪರದೆ ತುಂಬ ಬಿಳಿ ಗೆರೆಗಳು, ಹರಿದ ಬಣ್ಣದ ಚಿಂದಿಗಳು. ಹನ್ನೊಂದು ಸೆಕೆಂಡು ಹಾಗೇ ಇದ್ದು ಮತ್ತೆ ಆಡು, ಬಿಯ್ಯಾತುಮ್ಮ, ಬಿಸಿಲು.

ಬೂಷ್ಟು ಇರಬೇಕೆಂದು ಮತ್ತೆ ಒರೆಸಿದೆ. ವೀಸಿಆರಿನೊಳಗೆ ಟೇಪನ್ನು ಓದುವ ಹೆಡ್ ಸ್ವಚ್ಛ ಮಾಡಿದೆ. ಬೇರೆ ಯಂತ್ರಕ್ಕೆ ಜೀವ ಬರಿಸಿ ಹಾಕಿ ನೋಡಿದೆ. ಏನು ಮಾಡಿದರೂ ಅದೇ ಜಾಗ, ಅದೇ ಗೆರೆ. ಕೊನೆಗೆ ಟೇಪನ್ನೇ ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದೆ. ಹಿಂದೆ ಮುಂದೆ ಎಲ್ಲ ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಟೇಪು ಆ ಒಂದು ಗೇಣು ಮಾತ್ರ ಮಂಕಾಗಿ, ಸವೆದ ನಾಣ್ಯದ ಹಾಗೆ ಕಂಡಿತು.

ಇಂಥದನ್ನು ನಾನು ಮೊದಲೂ ನೋಡಿದ್ದೆ, ಬಾಡಿಗೆಗೆ ಕೊಡುತ್ತಿದ್ದ ಸಿನಿಮಾ ಕ್ಯಾಸೆಟ್ಟುಗಳಲ್ಲಿ. ಓಡುವ ಚಿತ್ರವನ್ನು ನಿಲ್ಲಿಸಿದರೆ ಟೇಪು ನಿಲ್ಲುತ್ತದೆ, ಹೆಡ್ಡು ನಿಲ್ಲುವುದಿಲ್ಲ. ತಿರುಗುತ್ತ ಒಂದೇ ಜಾಗವನ್ನು ಉಜ್ಜುತ್ತದೆ. ಯಾರೋ ಈ ಹನ್ನೊಂದು ಸೆಕೆಂಡನ್ನು ಅಂಗುಲ ಅಂಗುಲಕ್ಕೂ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನಿಲ್ಲಿಸಿ, ಚಿತ್ರ ಅಳಿದುಹೋಗುವಷ್ಟು ಸಲ ನೋಡಿದ್ದರು.

ದನಿ ಟೇಪಿನ ಅಂಚಿನಲ್ಲಿ ಬೇರೆಯಾಗಿ ಇರುತ್ತದೆ. ಅದಕ್ಕೆ ಈ ಸವೆತ ತಾಗುವುದಿಲ್ಲ. ಹೆಡ್‌ಫೋನ್ ಹಾಕಿ ಕೇಳಿದೆ. ಬಕೆಟ್ಟಿನ ಸದ್ದು. ನನ್ನದೇ ಪ್ರಾಯದ ದನಿ: "ಹ್ಞಾಂ, ಈ ಕಡೆ ನೋಡು. ಏನಾದ್ರೂ ಹೇಳು, ಬೇಗ." ಒಬ್ಬ ಹುಡುಗಿಯ ದನಿ: "ಏನ್ ಹೇಳ್ಲಿ ನಾನು?" ಆಮೇಲೆ ನಗು. ತಡೆದರೂ ತಡೆಯಲಾಗದೆ ಬಂದ ನಗು. ದೂರದಿಂದ ಬಿಯ್ಯಾತುಮ್ಮ "ಭರತಾ, ಎಲ್ಲಿ ಹೋದೆ?" ಎಂದು ಕೂಗಿದ್ದು. ಮತ್ತೆ ಅದೇ ಹುಡುಗಿ: "ತಿರುಗ್ಸಿ, ಆ ಕಡೆ ತಿರುಗ್ಸಿ, ಉಮ್ಮ ಬಂದ್ರು!"

ಆಗ ನೆನಪಾಯಿತು. ಅವತ್ತು ನಾನು ನೀರು ಕುಡಿಯಲು ಬಾವಿಯ ಹತ್ತಿರ ಹೋದಾಗ ಮೈಮೂನ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಂದು ಮೆಲ್ಲಗೆ ಕೇಳಿದ್ದಳು: "ಭರತೇಟ್ಟಾ, ಒಂದೇ ಒಂದ್ಸಲ ನನ್ನ ಕಡೆ ತಿರುಗ್ಸಿ. ಯಾರಿಗೂ ಗೊತ್ತಾಗಲ್ಲ." ತಲೆಯ ಮೇಲೆ ಹೊಸ ತಟ್ಟ ಹೊದ್ದಿದ್ದಳು, ಕಣ್ಣಿಗೆ ಸುರಮ ಹಚ್ಚಿದ್ದಳು. ನಾನು ತಿರುಗಿಸಿದೆ, ಬಿಯ್ಯಾತುಮ್ಮ ಕೂಗಿದೊಡನೆ ಹೆದರಿ ಆಡಿನ ಕಡೆ ಹೊರಳಿದೆ. ಕ್ಯಾಸೆಟ್ಟು ಮರುದಿನವೇ ಹೋಯಿತು. ನಾನು ಅದನ್ನು ಮರೆತೇಬಿಟ್ಟೆ.

ರೈಹಾನತ್‌ಗೆ ಫೋನ್ ಮಾಡಿ, ಒಂದು ತುಣುಕು ಹಾಳಾಗಿದೆ ಎಂದೆ.

"ಹಾಳಾಗಿದ್ರೆ ತೆಗೆದುಬಿಡಿ ಭರತೇಟ್ಟಾ. ಯಾರಿಗೆ ಬೇಕು?"

ತೆಗೆಯುವುದು ಕಷ್ಟವಲ್ಲ. ಎರಡು ಕಡೆ ಗುರುತು ಹಾಕಿ ಒಂದು ಗುಂಡಿ ಒತ್ತಿದರೆ ಮುಗಿಯಿತು. ಗುರುತು ಹಾಕಿಯೂ ಇದ್ದೆ. ಆದರೆ ಕೈ ಮುಂದೆ ಹೋಗಲಿಲ್ಲ. ಮೈಮೂನಳಿಗೆ ಹೇಳಿ ಕಳಿಸಿದೆ.

ಮರುದಿನ ಹನ್ನೊಂದು ಗಂಟೆಗೆ ಅವಳೊಬ್ಬಳೇ ಬಂದಳು. ಹೆಡ್‌ಫೋನ್ ಕೊಟ್ಟು ಕೇಳಿಸಿದೆ. ಮೊದಲ ಸಲ ಅವಳಿಗೆ ಗುರುತಾಗಲಿಲ್ಲ. "ಯಾರಿದು, ನಗ್ತಿರೋದು?" ಎಂದಳು.

"ನೀನೇ."

ಅವಳು ಮತ್ತೆ ಕೇಳಿದಳು. ಮತ್ತೊಮ್ಮೆ ಕೇಳಿದಳು. ಅವಳ ಮದುವೆಯಲ್ಲಿ ಫೋಟೊ ತೆಗೆಸಲು ಅವಳ ತಂದೆ ಒಪ್ಪಿರಲಿಲ್ಲ. ಆ ವಯಸ್ಸಿನ ಒಂದು ಚಿತ್ರವೂ ಅವಳ ಹತ್ತಿರ ಇಲ್ಲ. "ನಾನು ಹೇಗಿದ್ದೆ ಅಂತ ನೋಡ್ಬೇಕಿತ್ತು," ಎಂದಳು. "ಇದನ್ನ ಸರಿ ಮಾಡಕ್ಕಾಗಲ್ವಾ? ಕಂಪ್ಯೂಟರಲ್ಲಿ ಎಲ್ಲ ಮಾಡ್ತಾರಂತೆ?"

"ಇದ್ದದ್ದನ್ನ ಚೆನ್ನಾಗಿ ಮಾಡಬಹುದು ಮೈಮೂನಾ. ಇಲ್ಲಿ ಏನೂ ಉಳಿದೇ ಇಲ್ಲ." ಆಮೇಲೆ, ಹೇಗೆ ಸವೆಯಿತೆಂದು ಹೇಳಿದೆ. ಟೇಪು ಬೆಳಕಿಗೆ ಹಿಡಿದು ತೋರಿಸಿದೆ.

ಅವಳು ಬೆರಳು ಮುಂದೆ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದಳು. "ಎಷ್ಟು ಸಲ ನಿಲ್ಲಿಸಿದ್ರೆ ಹೀಗಾಗತ್ತೆ?"

"ಇಷ್ಟೇ ಅಂತ ಹೇಳಕ್ಕಾಗಲ್ಲ. ಹತ್ತಿಪ್ಪತ್ತು ಸಲಕ್ಕಂತೂ ಆಗಲ್ಲ. ನೂರಾರು ಸಲ."

ಆಮೇಲೆ ಅವಳು ಕೇಳಿದ ಪ್ರಶ್ನೆ ನಾನೂ ನನ್ನೊಳಗೇ ಕೇಳಿಕೊಂಡದ್ದೇ ಆಗಿತ್ತು. "ಅವರೇ ನೋಡಿದ್ದು ಅಂತ ಹೇಗೆ ಗೊತ್ತು? ಆ ರೂಮಲ್ಲಿ ಎಷ್ಟೊಂದು ಗಂಡಸರಿದ್ರು."

ಅದಕ್ಕೆ ಉತ್ತರ ಗೊತ್ತಿದ್ದವನು ಒಬ್ಬನೇ. ಪರಪ್ಪನಂಗಾಡಿಯ ಕೋಯಾಮು, ಸೈದಾಲಿಯ ಜೊತೆ ಅದೇ ಕೋಣೆಯಲ್ಲಿದ್ದವನು. ಸೈದಾಲಿ ಎದೆನೋವಿನಿಂದ ಸತ್ತು ಅಲ್ಲೇ ಮಣ್ಣಾದಾಗ ಅವನ ಪೆಟ್ಟಿಗೆಯನ್ನು ಊರಿಗೆ ತಂದು ಬಿಯ್ಯಾತುಮ್ಮನ ಕೈಗೆ ಕೊಟ್ಟವನೂ ಅವನೇ. ಮಧ್ಯಾಹ್ನದ ನಮಾಜು ಮುಗಿಸಿ ಬಂದ ಮೈಮೂನಳನ್ನು ಆಟೊದಲ್ಲಿ ಕೂರಿಸಿಕೊಂಡು ಹೋದೆ.

ಕೋಯಾಮು ಸಕ್ಕರೆ ಕಾಯಿಲೆಗೆ ಕಾಲಿನ ಎರಡು ಬೆರಳು ಕಳೆದುಕೊಂಡು ಜಗಲಿಯಲ್ಲಿ ಮಂಚ ಹಾಕಿಸಿಕೊಂಡಿದ್ದ. ಮೈಮೂನಳನ್ನು ಕಂಡು ಎದ್ದು ಕೂರಲು ಒದ್ದಾಡಿದ. ವಿಷಯ ಹೇಳಿದಾಗ ಅವನ ಮುಖವೇ ಬದಲಾಯಿತು.

"ಯಾ ರಬ್ಬೇ! ಆ ಕ್ಯಾಸೆಟ್ಟು ಇನ್ನೂ ಇದ್ಯಾ?"

"ಯಾರು ನೋಡ್ತಿದ್ರು ಅದನ್ನ?" ಮೈಮೂನ ನೇರವಾಗಿ ಕೇಳಿದಳು.

"ಯಾರಿಗೆ ಕೊಡ್ತಿದ್ದ ಅವನು! ಒಂದೇ ಒಂದ್ಸಲ ಎಲ್ಲರೂ ಕೂತು ನೋಡಿದ್ವಿ. ಬಾವಿ ಬಂದು ತಟ್ಟದ ಅಂಚು ಕಂಡ ತಕ್ಷಣ ಎದ್ದು ಹೋಗಿ ಟೀವಿ ಮುಂದೆ ನಿಂತ್ಬಿಟ್ಟ, ಕಂಬದ ಹಾಗೆ. ಆಮೇಲೆ ತಲೆದಿಂಬಿನ ಕೆಳಗೇ ಇಟ್ಕೊಂಡ. ನಮಗೆಲ್ಲ ಶುಕ್ರವಾರ ರಜೆ, ಅವನಿಗೆ ಬುಧವಾರ. ಬುಧವಾರ ಹಗಲು ರೂಮಲ್ಲಿ ಅವನೂ ನಾನೂ ಇಬ್ಬರೇ. ನನಗೆ ರಾತ್ರಿ ಪಾಳಿ, ಹಗಲು ನಿದ್ದೆ. 'ಕೋಯಾ, ಗೋಡೆ ಕಡೆ ತಿರುಗಿ ಮಲ್ಕೋ' ಅನ್ನೋನು. ಓಡಿಸೋನು, ನಿಲ್ಲಿಸೋನು, ಓಡಿಸೋನು, ನಿಲ್ಲಿಸೋನು. ನಾನು ಬೈತಿದ್ದೆ, 'ಲೇ ಹಮುಕ್ಕೇ, ಯಂತ್ರ ಹಾಳಾಗತ್ತೆ, ನಿನ್ನ ಮಾವ ತಂದುಕೊಡ್ತಾನಾ ಹೊಸದು?' ಅಂತ."

"ನೀವು ನೋಡ್ಲಿಲ್ವಾ?"

"ಹುಟ್ಟಿಸಿದವನ ಆಣೆ, ಇಲ್ಲ. ಗೋಡೆನೇ ನೋಡ್ಕೊಂಡಿದ್ದೆ. ಕಡೆಕಡೆಗೆ ಅವನೇ ಹೇಳ್ತಿದ್ದ, 'ಮುಖ ಸರಿಯಾಗಿ ಕಾಣ್ತಿಲ್ಲ ಕೋಯಾ' ಅಂತ. ಆದ್ರೂ ನೋಡೋದು ಬಿಡ್ಲಿಲ್ಲ."

ಒಳಗಿನಿಂದ ಅವನ ಹೆಂಡತಿ ಸುಲೈಮಾನಿ ಚಹಾ ತಂದಿಟ್ಟಳು. ಮೈಮೂನ ಲೋಟ ಮುಟ್ಟಲಿಲ್ಲ. "ಇಷ್ಟೆಲ್ಲ ನೋಡಿದವರಿಗೆ ಕಾಗದದಲ್ಲಿ ಒಂದು ಸಾಲು ಬರೆಸೋಕೆ ಏನಾಗಿತ್ತು?" ಎಂದಳು. ಸೈದಾಲಿಗೆ ಓದು ಬರಹ ಬರುತ್ತಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು.

ಕೋಯಾಮು ತಲೆ ತಗ್ಗಿಸಿದ. "ಬರೀತಿದ್ದವನು ನಾನೇ. ಪ್ರತಿ ಸಲ ಕೇಳ್ತಿದ್ದೆ, 'ಬೀವಿಗೆ ಏನ್ ಬರೀಲಿ?' ಅಂತ. ಕೆಂಪಗಾಗೋನು. 'ಮನೇಲಿ ಜೋರಾಗಿ ಓದ್ತಾರೆ ಕಣೋ, ಅವಳು ನಾಚಿ ಸತ್ತೇ ಹೋಗ್ತಾಳೆ. ಎಲ್ಲರಿಗೂ ಸಲಾಂ ಅಂತ ಬರಿ, ಅದರಲ್ಲಿ ಅವಳೂ ಬಂದ್ಲು. ರಜೆಗೆ ಹೋದಾಗ ಬಾಯಲ್ಲೇ ಹೇಳ್ತೀನಿ' ಅಂದಿದ್ದ. ಅವನು ಸತ್ತಾಗ ರಜೆಗೆ ಮೂರು ತಿಂಗಳಿತ್ತು."

ವಾಪಸು ಬರುವಾಗ ಅವಳು ಗೇಟಿನ ಹತ್ತಿರ ಇಳಿದು, ಮೀನಿನವನ ಜೊತೆ ಐದು ನಿಮಿಷ ಜಗಳಾಡಿ ಬೂತಾಯಿ ಕೊಂಡಳು. ಕಣ್ಣಿಗೆ ಜೀವವಿಲ್ಲ, ನಿನ್ನೆಯ ಮೀನು ಇದು ಎಂದು ಅವಳೂ, ಈಗಷ್ಟೇ ದೋಣಿಯಿಂದ ಇಳಿದದ್ದು ಎಂದು ಅವನೂ ಕೂಗಾಡುತ್ತಿದ್ದರು. ಆಮೇಲೆ ಚೀಲ ಹಿಡಿದುಕೊಂಡು ಮನೆಯ ಕಡೆ ಹೋಗುವ ಬದಲು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಭರತೇಟ್ಟಾ, ನಿಮಗೊಂದು ಹೇಳ್ತೀನಿ. ಅವರು ಸತ್ತಾಗ ನನಗೆ ಇಪ್ಪತ್ತೈದು. ಎರಡು ಕಡೆಯಿಂದ ಸಂಬಂಧ ಬಂದಿತ್ತು, ಬೇಡ ಅಂದೆ. ಇನ್ನೊಬ್ಬ ಗಂಡಸಿನ ಮನೇಲಿ ಇನ್ನೊಂದು ಬಾಗಿಲ ಹಿಂದೆ ನಿಲ್ಲೋದು ಬೇಡ ಅಂತ. ಹೊಲಿಗೆ ಕಲಿತೆ, ಮಗಳನ್ನ ಓದಿಸ್ದೆ. ಪ್ರತಿ ವರ್ಷ ಅವರು ಸತ್ತ ದಿನದ ಆಂಡಿಗೆ ಅಡುಗೆ ಮಾಡಿ ಬಡಿಸ್ದೆ, ದುವಾಗೆ ಮಾತ್ರ ಕೂರ್ಲಿಲ್ಲ. ನನ್ನ ಹೆಸರು ಬಾಯಲ್ಲಿ ಬರದವರಿಗೆ ನಾನ್ಯಾಕೆ ಬೇಡ್ಕೊಳ್ಳಲಿ ಅಂತ ಸಿಟ್ಟು. ಆ ಸಿಟ್ಟು ನನ್ನನ್ನ ಎತ್ತಿ ನಿಲ್ಲಿಸಿತ್ತು. ಬೆಳಿಗ್ಗೆ ಎದ್ದೇಳೋಕೆ ಅದೇ ಊರುಗೋಲು. ಈಗ ಅದನ್ನೂ ಕಿತ್ಕೊಂಡ್ರಲ್ಲ ನೀವೆಲ್ಲ. ಈ ವಯಸ್ಸಲ್ಲಿ ನಾನಿನ್ನು ಅವರನ್ನ ಹೊಸದಾಗಿ ಕಳ್ಕೊಬೇಕಾ?"

"ನಾನು ಅವತ್ತು ಇನ್ನೊಂದು ನಿಮಿಷ ಕ್ಯಾಮೆರಾ ಆಡಿನ ಕಡೆ ತಿರುಗಿಸದೆ ಇರಬಹುದಿತ್ತು," ಎಂದೆ.

"ನೀವೇನ್ ಮಾಡ್ತೀರಿ? ನಾನೇ ತಿರುಗ್ಸಿ ಅಂದೆ." ಅಷ್ಟು ಹೇಳುವಷ್ಟರಲ್ಲಿ ಅವಳ ಅಳು ಒಡೆಯಿತು. ಗೇಟು ಹಾಕಿತ್ತು, ರೈಲಿಗಾಗಿ ಕಾಯುತ್ತಿದ್ದ ಸ್ಕೂಟರಿನವರೆಲ್ಲ ತಿರುಗಿ ನೋಡಿದರು. ನಾನು ಎದ್ದು ಅವರಿಗೂ ಅವಳಿಗೂ ನಡುವೆ ಬೆನ್ನು ಕೊಟ್ಟು ನಿಂತೆ. ಮಂಗಳೂರು ಗಾಡಿ ಹೋಗಿ ಗೇಟು ತೆರೆಯುವವರೆಗೂ ನಿಂತಿದ್ದೆ.

ಹೋಗುವಾಗ ಅವಳು ಹೇಳಿದ್ದು ಇಷ್ಟೇ: "ಆ ತುಂಡು ತೆಗೆದುಬಿಡಿ. ಮಕ್ಕಳು ನೋಡಿದ್ರೆ ಟೀವಿ ಕೆಟ್ಟಿದೆ ಅಂತಾರೆ. ಅದು ಎಲ್ಲರಿಗಾಗಿ ತೆಗೆದದ್ದಲ್ಲ." ಬೇರೆಯಾಗಿ ಇಟ್ಟುಕೊಡಲೇ ಎಂದು ಕೇಳಿದೆ. ಹೂಂ ಎಂದು ತಲೆಯಾಡಿಸಿದಳು. ದನಿಯನ್ನು ಮಾತ್ರ ಅವಳ ಫೋನಿಗೆ ಹಾಕಿಕೊಟ್ಟೆ. ರೈಹಾನತ್‌ಗೆ ಹೇಳುವುದೂ ಬಿಡುವುದೂ ಅವಳಿಗೆ ಬಿಟ್ಟದ್ದು ಎಂದುಕೊಂಡು ನಾನು ಸುಮ್ಮನಾದೆ.

ಅರ್ಧ ಗಂಟೆಯ ವೀಡಿಯೊ ಸಿದ್ಧವಾಯಿತು. ಒಂದು ಭಾನುವಾರ ಊಟವಾದ ಮೇಲೆ ರೈಹಾನತ್‌ಳ ಮನೆಯ ದೊಡ್ಡ ಟೀವಿಯಲ್ಲಿ ಹಾಕಿದರು. ನನ್ನನ್ನೂ ಕರೆದಿದ್ದರು. ಬಿಯ್ಯಾತುಮ್ಮ ಬಂದಾಗ ಎಲ್ಲರೂ ಅತ್ತರು, ಆಡು ಬಂದಾಗ ಎಲ್ಲರೂ ನಕ್ಕರು. ಸೈದಾಲಿಯ ತಮ್ಮ ತನ್ನ ಹಳೇ ಕೂದಲು ನೋಡಿ, "ಎಲ್ಲಿ ಹೋಯ್ತೋ ಆ ಕಾಡು!" ಎಂದು ಬೋಳು ತಲೆ ಸವರಿಕೊಂಡ. ಮೈಮೂನ ಹಿಂದಿನ ಕುರ್ಚಿಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಬಾವಿಕಟ್ಟೆ ಬಂತು, ನೇರ ಆಡಿಗೆ ಹೋಯಿತು. ಜೋಡಣೆ ಯಾರಿಗೂ ಗೊತ್ತಾಗಲಿಲ್ಲ. ಅದನ್ನು ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ನನಗೇ ನನ್ನ ಮೇಲೆ ಬೇಸರವಾಯಿತು.

ಆ ವರ್ಷದ ಆಂಡಿಗೆ ಅವಳು ದುವಾಗೆ ಕೂತಳೆಂದು ನನ್ನ ಹೆಂಡತಿ ಬಂದು ಹೇಳಿದಳು.

ಡಿಸೆಂಬರಿನಲ್ಲಿ ಅವಳು ಮತ್ತೊಮ್ಮೆ ಅಂಗಡಿಗೆ ಬಂದಳು. ಪಾಸ್‌ಪೋರ್ಟ್ ಮಾಡಿಸಬೇಕು, ಫೋಟೊ ಬೇಕು ಎಂದಳು. ರೈಹಾನತ್‌ಳ ನಾದಿನಿ ಶಾರ್ಜಾದಲ್ಲಿದ್ದಾಳೆ, ಮಾರ್ಚಿನಲ್ಲಿ ಕರೆಸಿಕೊಳ್ಳುತ್ತಾಳಂತೆ. ಸೈದಾಲಿಯನ್ನು ಮಣ್ಣು ಮಾಡಿದ ಜಾಗ ನೋಡಿ ಬರಬೇಕು. ಅಲ್ಲಿ ಗೋರಿಗಳ ಮೇಲೆ ಹೆಸರು ಬರೆದಿರುವುದಿಲ್ಲವಂತೆ, ನಂಬರು ಮಾತ್ರ, ಆ ನಂಬರನ್ನು ಕೋಯಾಮು ಹುಡುಕಿಸಿ ಕೊಟ್ಟಿದ್ದ. ಅವಳು ಅದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ನನಗೂ ಒಪ್ಪಿಸಿದಳು.

ಪಾಸ್‌ಪೋರ್ಟ್ ಬಂತು. ಮಾರ್ಚಿನಲ್ಲಿ ಕೊರೊನಾ ಬಂದು ವಿಮಾನಗಳೆಲ್ಲ ನಿಂತವು. ಮತ್ತೆ ಶುರುವಾಗುವಷ್ಟರಲ್ಲಿ ಅವಳ ಮೊಣಕಾಲು ಹೋಗಿತ್ತು, ನಾದಿನಿ ಕೆಲಸ ಬಿಟ್ಟು ಊರಿಗೆ ಬಂದಿದ್ದಳು. ಕೋಯಾಮು ಆ ನಡುವೆಯೇ ತೀರಿಕೊಂಡ.

ಮೊನ್ನೆ ಆಸ್ಪತ್ರೆಯ ಸಾಲಿನಲ್ಲಿ ಸಿಕ್ಕಿದ್ದಳು. ಮುಂದಿನ ವರ್ಷವಾದರೂ ಹೋಗುತ್ತೀಯಾ ಎಂದು ಕೇಳಿದೆ.

"ಇನ್ನು ಎಲ್ಲಿ ಹೋಗೋದು ಭರತೇಟ್ಟಾ," ಎಂದಳು. "ಮೆಟ್ಟಿಲು ಹತ್ತೋಕೇ ಆಗಲ್ಲ." ಅಷ್ಟರಲ್ಲಿ ಅವಳ ಟೋಕನ್ ಕರೆದರು, ಗೋಡೆ ಹಿಡಿದುಕೊಂಡು ಒಳಗೆ ಹೋದಳು.